ಆ ಎರಡು ತೂತು ಕೊರದವರು ಯಾರು?

ಹೋದ ದೀಪಾವಳಿಗೆ ಮಗ ಪುಣೆಯಿಂದ ಬರುವಾಗ ಅವರಪ್ಪಗ ಒಂದು ಡಬ್ಬಿ ತಂದಿದ್ದ. ಒಳಗ ಚೌಕಾಕಾರದ ಕಟ್ಟಿಗಿ ತುಂಡು, ಅದರಾಗ ಮೊದಲ ಕೊರದಿಟ್ಟ ತೂತು, ಬಾಯಾಗ ಹಿಡಿಯೂ ಕರೀ ನಳಿಗಿ, ಎರಡು ಹಾಳಿ ಪಾಲಿಶ್ ಪೇಪರ್. ತಂಬಾಕಿನ ಪೈಪ್ ಮಾಡೂ ಕಿಟ್ ಅಂತ. ನಮ್ಮ ಮನಿಯವರು ಪೈಪ್ ಸೇದೂದು ಬಿಟ್ಟು ಒಂಬತ್ತು ವರ್ಷ ಆತು. "ಇದನ್ನ ತಗೊಂಡು ನಾ ಏನ್ ಮಾಡ್ಲಿ" ಅಂತ ಕಪಾಟಿನ ಮ್ಯಾಲ ಇಟ್ರು. ನಾನು ಇಳಿಸಿದೆ. ಸಾಲಿ ಮಾಸ್ತರಕಿ ಮುಗದ ಮ್ಯಾಲ ಕೈ ಸುಮ್ಮನ ಕೂಡೂದಿಲ್ಲ ನೋಡ್ರಿ.

ನಾಕು ದಿನ ಅರ ಹಿಡದು ತಿಕ್ಕಿ, ಪಾಲಿಶ್ ಪೇಪರ್ ಹಚ್ಚಿ, ಮೇಣ ಒರಸಿದೆ. ಥಳಥಳ ಅಂತ ಹೊಳೀತು. ಮಗ ಫೋಟೋ ತಗದು ಬಳಗದ ಗ್ರೂಪಿಗೆ ಹಾಕಿದ: "ನಮ್ಮವ್ವ ಮಾಡಿದ್ದು, ನೂರಕ್ಕ ನೂರು ಹ್ಯಾಂಡ್‌ಮೇಡ್!" ಹೊಗಳಿಕಿನೇ ಹೊಗಳಿಕಿ. ಆ ಶಬ್ದ ಓದಿದ ಕೂಡ್ಲೆ ನನಗ ಸಿಟ್ಟು ಬಂತು. ಯಾಕ ಅಂತ ಮಗಗ ಇನ್ನೂ ತಿಳದಿಲ್ಲ, ಅದಕ್ಕ ಇಲ್ಲಿ ಬರೀಲಿಕ್ಕ ಹತ್ತೀನಿ.

ನಾ ಹುಟ್ಟಿ ಬೆಳದದ್ದು ನಿಪ್ಪಾಣಿಯೊಳಗ. ನಮ್ಮವ್ವ ಬೀಡಿ ಸುತ್ತತಿದ್ದಳು. ರಾತ್ರಿ ಎಲಿ ನೆನಸಿಡೂದು, ಮುಂಜಾನೆ ತಗಡಿನ ಅಳತಿ ಇಟ್ಟು ಕತ್ರಿಲೆ ಕತ್ತರಸೂದು, ತೊಡಿ ಮ್ಯಾಲ ಮರ ಇಟಗೊಂಡು ಕೂತರ ದೀಪ ಹಚ್ಚೂತನಕ ಏಳತಿರಲಿಲ್ಲ. ಒಂದು ಎಲಿ, ಒಂದು ಚಿಟಿಕಿ ತಂಬಾಕ, ಒಂದು ಸುತ್ತು, ಒಂದು ಎಳಿ ದಾರ. ಸಾಲಿಯಿಂದ ಬಂದ ಮ್ಯಾಲ ತುದಿ ಮಡಿಸೂ ಕೆಲಸ ನಂದು. ಮಜೂರಿ ಸಾವಿರದ ಲೆಕ್ಕದಾಗ. ಒಪ್ಪಸಾಕ ಹೋದರ ಎಣಿಸಿ ತಗೊಳ್ಳಾಂವ "ಇವು ಸಡ್ಲ ಅದಾವ" ಅಂತ ಒಂದು ಮುಷ್ಟಿ ತಗದು ಬಿಸಾಕ್ತಿದ್ದ. ಅದಕ್ಕ ದುಡ್ಡಿಲ್ಲ. ತಂಬಾಕಿನ ಧೂಳಿಗೆ ಅವ್ವನ ಕೆಮ್ಮು ಕಡೀತನಕ ಹೋಗಲಿಲ್ಲ.

ಮಷೀನಿನ ಸುಳಿವೇ ಇಲ್ಲದ ಕೆಲಸ ಅದು. ಅದನ್ನ ಯಾರಾದ್ರೂ ಹ್ಯಾಂಡ್‌ಮೇಡ್ ಅಂದ್ರೇನು? ಮಷೀನ್ ಕೊರದ ತುಂಡನ್ನ ನಾಕು ದಿನ ಹೊರಗಿಂದ ತಿಕ್ಕಿದಾಕಿಗೆ ಮಾತ್ರ ಆ ಮರ್ಯಾದಿ!

"ಅವ್ವಾ, ಹವ್ಯಾಸಕ್ಕ ಇಷ್ಟ್ಯಾಕ ತಲಿ ಕೆಡಸ್ಕೋತಿ, ಎಲ್ಲಾರೂ ಹಿಂಗ ಶುರು ಮಾಡ್ತಾರ" ಅಂತಾನ ಮಗ. ಶುರು ಮಾಡ್ಲಿ, ಬ್ಯಾಡ ಅಂದಿಲ್ಲ. ಆದರ ಪೈಪ್ ಅಂದ್ರ ಹೊರಗಿನ ಹೊಳಪಲ್ಲ, ಎರಡು ತೂತು. ತಂಬಾಕ ತುಂಬೂದು ಒಂದು, ಸುಮಾರು 19 ಮಿಲಿಮೀಟರ್ ಅಗಲ. ಹೊಗಿ ಬರೂದು ಇನ್ನೊಂದು, ಸುಮಾರು 4 ಮಿಲಿಮೀಟರ್. ಸಣ್ಣದು ಬಂದು ದೊಡ್ಡದರ ತಳಕ್ಕ, ನಟ್ಟನಡಕ ಕೂಡಬೇಕು. ಮ್ಯಾಲ ಕೂಡಿತಂದ್ರ ತಳದಾಗ ತಂಬಾಕ ಹಸಿ ಆಗಿ ಉರಿಯೂದಿಲ್ಲ. ಕೆಳಗ ಇಳೀತಂದ್ರ ತಳಾನೇ ಕೊರದು ತೆಳ್ಳಗ ಆಗತೈತಿ. ಕಣ್ಣಿಗೆ ಕಾಣದಲ್ಲೆ, ಕಟ್ಟಿಗಿ ಹೊಟ್ಟಿಯೊಳಗ ಎರಡು ದಾರಿ ಕೂಡಸೂದು. ಅದ ಆ ವಿದ್ಯಾ. ಕಿಟ್ ಮಾರವರು ಅದನ್ನ ತಾವ ಮಾಡಿ, ತಿಕ್ಕೂದನ್ನ ನಮಗ ಬಿಟ್ಟಾರ.

ಇನ್ನೂ ಒಂದೈತಿ. ಒಳ್ಳೆ ಪೈಪಿನ ಕಟ್ಟಿಗಿ ಬ್ರಯರ್, ಮೆಡಿಟರೇನಿಯನ್ ಸಮುದ್ರದ ಸುತ್ತ ಬೆಳಿಯೂ ಒಂದು ಪೊದಿ. ಅದರ ಬೇರಿಗೂ ಕಾಂಡಕ್ಕೂ ನಡು ಇರೂ ಗಂಟನ್ನ ಅಗದು, ತಾಸಗಟ್ಟಲೆ ಕುದಿಸಿ, ತಿಂಗಳಗಟ್ಟಲೆ ಒಣಗಸ್ತಾರ. ಆ ಗಂಟಿನ ಎಳಿ ಯಾವ ಕಡಿ ಓಡೇತಿ ಅಂತ ನೋಡಿ, ಪೈಪಿನ ಮಾರಿ ಎತ್ತ ಇರಬೇಕಂತ ಕೊರಿಯೂ ಮೊದಲ ಗೊತ್ತು ಮಾಡಬೇಕು. ತೂತು ಬಿದ್ದ ತುಂಡಿನಾಗ ಆ ತೀರ್ಮಾನ ಬ್ಯಾರೆಯವರು ಮಾಡಿ ಮುಗಿಸ್ಯಾರ. ರೊಟ್ಟಿ ಬಡದು ಬೇಯಿಸಿ ಕೊಟ್ಟ ಮ್ಯಾಲ ಬೆಣ್ಣಿ ಹಚ್ಚಿದಾಕಿ "ರೊಟ್ಟಿ ಮಾಡೀನಿ" ಅಂದಂಗ.

ಡೆನ್ಮಾರ್ಕಿನ ಕೈಪೈಪಿಗೆ ಹೆಸರು ತಂದ ಸಿಕ್ಸ್ಟನ್ ಈವರ್ಸನ್ ಮೊದಲ ಕೂತದ್ದು ಕೋಪನ್‌ಹೇಗನ್ನಿನ ಒಂದು ಅಂಗಡಿಯೊಳಗ, ಮಂದಿ ಮುರಕೊಂಡ ಪೈಪ್ ರಿಪೇರಿ ಮಾಡಕೋತ. ಕಲಿಯವ್ರಿಗೆ ಕಿಟ್‌ಗಿಂತ ಅದು ವಾಸಿ ದಾರಿ. ನಾನೂ ಮನಿಯವರ ಹಳೇ ಪೈಪ್ ಬಿಚ್ಚಿ, ಕೊಡಿ ಒಂದು ಕೂದಲೆಳಿ ದಪ್ಪ ಆದರೂ ನಳಿಗಿ ಕೂಡೂದಿಲ್ಲ ಅನ್ನೂದನ್ನ ಕಲತೆ.

"ಸೇದೂದಿಲ್ಲ, ಸೇದಸೂದಿಲ್ಲ, ಮತ್ಯಾಕ ಮಾಡ್ತಿ" ಅಂತ ನಮ್ಮಕ್ಕ ಕೇಳತಾಳ. ಅಕ್ಕನ ಪ್ರಶ್ನಿ ಖರೇ ಐತಿ. ಪೈಪಿನ ಹೊಗಿ ಎದಿಗೆ ಇಳಿಸೂದಿಲ್ಲ, ಅದಕ್ಕ ಅಪಾಯಿಲ್ಲ ಅಂತ ಸಭ್ಯಸ್ಥರು ಹೇಳತಾರಲ್ಲ, ಅದು ಸುಳ್ಳು. ಬಾಯಿ, ಗಂಟಲದ ಕ್ಯಾನ್ಸರಿಗೆ ಅದೂ ದಾರೀನೇ. ನಾ ಮಾಡಿದ್ದು ಯಾರಿಗೂ ಮಾರೂದಿಲ್ಲ, ಕೊಡೂದೂ ಇಲ್ಲ. ತಂಬಾಕು ನಮ್ಮವ್ವನ ಕೈಯಿಂದ ಹೊಟ್ಟಿಪಾಡಿಗೆ ಮಾಡಿಸಿದ ಕೆಲಸದ ನಾಜೂಕು ನನ್ನ ಕೈಗೆ ಬರತೈತೇನು ಅಂತ ನೋಡೂ ಹಟ ಇದು, ಅಷ್ಟ.

ಈಗ ಬಡಿಗ್ಯಾರ ಅಂಗಡಿಯಿಂದ ಮಾವಿನ ತುಂಡು ತಂದು ಹಿತ್ತಲದಾಗ ಕೊರೀತೀನಿ, ಮೂಗಿಗೆ ಬಟ್ಟಿ ಕಟಗೊಂಡು. ಆಕಾರ ಕೊಡೂ ಮೊದಲ ಕೊರಿಬೇಕು. ಚೌಕ ಇದ್ದಾಗಷ್ಟ ತುಂಡು ವೈಸಿನಾಗ ಗಟ್ಟಿ ಕೂಡತೈತಿ. ಇದು ತಿಳೀಲಿಕ್ಕ ಎರಡು ತುಂಡು ಹೋದ್ವು. ಮೂರನೇದರಾಗ ಸಣ್ಣ ತೂತು ಬಾಜೂಕ ಹೊರಗ ಬಂತು. ನಾಕನೇದು ತಳಕ್ಕಿಂತ ಅರ್ಧ ಬೆರಳು ಮ್ಯಾಲ ಕೂಡೇತಿ. ಮನಿಯವರು ನಕ್ಕೋತ ಒಲಿಗೆ ಹಾಕಾಕ ಹೊಂಟಿದ್ರು. ಕಸಗೊಂಡು, ನಡಬರಕ ಸೀಳಿ, ಅಡಗಿಮನಿ ಕಿಡಕಿಯೊಳಗ ಸಾಲಾಗಿ ಇಟ್ಟೀನಿ, ತಪ್ಪು ಎಲ್ಲಾಗೇತಿ ಅಂತ ಕಾಣೂಹಂಗ.

ಹೊಳಿಯೂ ಪೈಪ್ ಡಬ್ಬಿಯೊಳಗ ಹೋಗೇತಿ. ಫೋಟೋದ ಕೆಳಗಿನ ಆ ಶಬ್ದ ತಗಿ ಅಂತ ಮಗಗ ಮೂರು ಸಲ ಹೇಳೀನಿ. ಇನ್ನೂ ತಗದಿಲ್ಲ.