ಮತ್ತೆ ಮತ್ತೆ ಸಿಗುವ ಮಂಡ್ಯದ ಲಿಥಿಯಂ

ಮಂಡ್ಯ ಜಿಲ್ಲೆಯಲ್ಲಿ ಲಿಥಿಯಂ ಐದು ವರ್ಷದೊಳಗೆ ಮೂರು ಸಲ ‘ಪತ್ತೆ’ಯಾಗಿದೆ. ಮೊದಲನೆಯದು 2020ರ ಫೆಬ್ರುವರಿಯಲ್ಲಿ. ಶ್ರೀರಂಗಪಟ್ಟಣ ತಾಲ್ಲೂಕಿನ ಮರಳಗಾಲ, ಅಲ್ಲಾಪಟ್ಟಣಗಳ ಸುತ್ತ ಅರ್ಧ ಕಿಲೋಮೀಟರ್ ಅಗಲ, ಐದು ಕಿಲೋಮೀಟರ್ ಉದ್ದದ ಒಂದು ಪಟ್ಟಿಯಲ್ಲಿ 14,100 ಟನ್ ಲಿಥಿಯಂ ಇದೆ ಎಂಬ ಅಂದಾಜು ದೇಶದಾದ್ಯಂತ ಸುದ್ದಿಯಾಯಿತು. ಎರಡನೆಯದು 2021ರ ಫೆಬ್ರುವರಿಯಲ್ಲಿ. ಪರಮಾಣು ಖನಿಜ ನಿರ್ದೇಶನಾಲಯದ ಪ್ರಾಥಮಿಕ ಸಮೀಕ್ಷೆಯ ಪ್ರಕಾರ ಅಲ್ಲಿ 1,600 ಟನ್ ಇದೆ ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ಮೂರನೆಯದು 2024ರ ಜುಲೈಯಲ್ಲಿ. ಅದೇ ಸಂಸತ್ತು, ಅದೇ ಊರು, ಅದೇ 1,600 ಟನ್. ಅದೂ ಹೊಸ ಸುದ್ದಿಯಾಯಿತು.

ಮೊದಲ ಸಂಖ್ಯೆಗೂ ಎರಡನೆಯದಕ್ಕೂ ಹೆಚ್ಚುಕಡಿಮೆ ಒಂಬತ್ತು ಪಟ್ಟು ಅಂತರ. ಎರಡನೆಯದಕ್ಕೂ ಮೂರನೆಯದಕ್ಕೂ ಅಂತರವೇ ಇಲ್ಲ. ಇಷ್ಟು ದೊಡ್ಡ ಕುಸಿತ ಯಾಕಾಯಿತು, ಆಮೇಲೆ ಮೂರೂವರೆ ವರ್ಷ ಲೆಕ್ಕ ಯಾಕೆ ನಿಂತಲ್ಲೇ ನಿಂತಿತು ಎಂದು ಕೇಳಬೇಕಿತ್ತು. ಅದರ ಬದಲು ‘ಬಿಳಿ ಚಿನ್ನ’ ಎಂಬ ಎರಡೇ ಪದ ಎಲ್ಲ ಪ್ರಶ್ನೆಗಳ ಮೇಲೂ ಚಾದರ ಹೊದಿಸಿದವು. ಖನಿಜದ ವಿಷಯದಲ್ಲಿ ಸರ್ಕಾರ ಸಾರುವ, ಮಾಧ್ಯಮ ಹಿಗ್ಗಿಸುವ ಈ ಪರಿಪಾಠ ನಿರುಪದ್ರವಿ ಉತ್ಸಾಹವಲ್ಲ. ಅದು ಭೂವಿಜ್ಞಾನಕ್ಕೆ ಮಾಡುವ ಅಪಚಾರ. ನೆಲದ ಮೇಲೆ ಬದುಕುವವರಿಗೆ ಮಾಡುವ ಅನ್ಯಾಯ.

ಮೊದಲು ‘ಪತ್ತೆ’ ಎಂಬ ಮಾತನ್ನೇ ನೋಡಬಹುದು. ಸರ್ಕಾರಿ ಕಾಗದಗಳು ಮಾರ್ಲಗಲ್ಲ ಎಂದು ಬರೆಯುವ ಮರಳಗಾಲದ ಕಲ್ಲು 2020ರಲ್ಲಿ ಯಾರಿಗೂ ಹೊಸದಾಗಿರಲಿಲ್ಲ. ಈ ಊರು ಇರುವುದು ನಾಗಮಂಗಲ ಶಿಸ್ಟ್ ಪಟ್ಟಿ ಎಂದು ಭೂವಿಜ್ಞಾನಿಗಳು ಕರೆಯುವ ಅತಿ ಪುರಾತನ ಶಿಲೆಗಳ ನಡುವೆ. ಆ ಕಪ್ಪು ಶಿಲೆಗಳ ಬಿರುಕುಗಳಲ್ಲಿ, ಗ್ರಾನೈಟ್ ಹೆಪ್ಪುಗಟ್ಟಿದ ಮೇಲೆ ಉಳಿದ ಕೊನೆಯ ದ್ರವ ನುಗ್ಗಿ ತಣಿದಾಗ ಪೆಗ್ಮಟೈಟ್ ಎಂಬ ಬಿಳಿಚು ಬಣ್ಣದ, ದಪ್ಪ ಹರಳುಗಳ ಕಲ್ಲಾಗುತ್ತದೆ. ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಕಾಗೆಬಂಗಾರ ಇದರ ಸಾಮಾನ್ಯ ಘಟಕಗಳು. ಬೇರೆ ಖನಿಜಗಳ ಹರಳಿನೊಳಗೆ ಜಾಗ ಸಿಗದೆ ಕೊನೆಯವರೆಗೂ ದ್ರವದಲ್ಲೇ ಉಳಿಯುವ ಧಾತುಗಳು — ಲಿಥಿಯಂ, ಬೆರಿಲಿಯಂ, ನಿಯೋಬಿಯಂ, ಟ್ಯಾಂಟಲಂ — ಬಂದು ಸೇರುವುದೂ ಇಲ್ಲಿಗೇ. ಮರಳಗಾಲದ ಪೆಗ್ಮಟೈಟ್‌ಗಳಲ್ಲಿ ಲಿಥಿಯಂ ಇರುವುದು ಸ್ಪಾಡ್ಯುಮೀನ್ ಎಂಬ ಖನಿಜದಲ್ಲಿ. ಈ ಭಾಗದ ಪೆಗ್ಮಟೈಟ್‌ಗಳ ಕುರಿತು ಪರಮಾಣು ಖನಿಜ ವಿಭಾಗದ ಭೂವಿಜ್ಞಾನಿಗಳು 1980 ಮತ್ತು 90ರ ದಶಕಗಳಲ್ಲೇ ಬರೆದಿದ್ದಾರೆ. ಮೊಬೈಲ್ ಫೋನು ಮಂಡ್ಯಕ್ಕೆ ಕಾಲಿಡುವ ಮೊದಲೇ ಅದರ ಬ್ಯಾಟರಿಯ ಕಲ್ಲು ಅಲ್ಲಿದೆ ಎಂದು ಗೊತ್ತಿತ್ತು.

ಹಾಗಾದರೆ ಇಷ್ಟು ವರ್ಷ ಯಾರೂ ಯಾಕೆ ಮಾತಾಡಲಿಲ್ಲ? ಒಂದು ಕಾರಣ, ಆಗ ಲಿಥಿಯಂಗೆ ಈ ಬೆಲೆ ಇರಲಿಲ್ಲ. ಇನ್ನೊಂದು, ಲಿಥಿಯಂ ಭಾರತದಲ್ಲಿ ದೀರ್ಘಕಾಲ ‘ಪರಮಾಣು ಖನಿಜ’. ಅದರ ಒಂದು ಐಸೋಟೋಪಿನಿಂದ ಟ್ರಿಟಿಯಂ ತಯಾರಾಗುತ್ತದೆ. ಹಾಗಾಗಿ 1949ರಲ್ಲಿ ಹುಟ್ಟಿದ ವಿರಳ ಖನಿಜ ಸಮೀಕ್ಷಾ ಘಟಕ, ಅಂದರೆ ಇವತ್ತಿನ ಪರಮಾಣು ಖನಿಜ ನಿರ್ದೇಶನಾಲಯವೇ, ಅದರ ಶೋಧದ ಒಡೆತನ ಹೊಂದಿತ್ತು. ಖನಿಜ ಕಾಯ್ದೆಗೆ 2023ರ ಆಗಸ್ಟಿನಲ್ಲಿ ತಿದ್ದುಪಡಿಯಾಗಿ ಲಿಥಿಯಂ ಸೇರಿ ಆರು ಖನಿಜಗಳು ಪರಮಾಣು ಪಟ್ಟಿಯಿಂದ ಹೊರಬಂದವು. ಅವುಗಳ ಹರಾಜಿನ ಅಧಿಕಾರ ಕೇಂದ್ರಕ್ಕೆ ಹೋಯಿತು. ಅಂದರೆ ಮರಳಗಾಲದ ಕಲ್ಲು ಇಷ್ಟು ಕಾಲ ಗುಟ್ಟಿನ ಕಡತದಲ್ಲಿತ್ತು, ಈಗ ಸಂತೆಯ ಹಲಗೆಗೆ ಬಂದಿದೆ. ಗುಟ್ಟಿಗೂ ಸಂತೆಗೂ ನಡುವೆ ಇರಬೇಕಾಗಿದ್ದ ಒಂದು ಹಂತ, ಬಹಿರಂಗ ಮಾಹಿತಿ, ಅದು ಮಾತ್ರ ಬರಲೇ ಇಲ್ಲ.

ಈಗ ಸಂಖ್ಯೆಗಳಿಗೆ ಬರಬಹುದು. 2020ರ ಅಂದಾಜು ಬಂದದ್ದು ಭಾರತೀಯ ವಿಜ್ಞಾನ ಸಂಸ್ಥೆಯ ವಿಶ್ರಾಂತ ಪ್ರಾಧ್ಯಾಪಕ ಎನ್. ಮುನಿಚಂದ್ರಯ್ಯ ಅವರಿಂದ. ಆ ಪಟ್ಟಿಯಲ್ಲಿ 30,300 ಟನ್ ಲಿಥಿಯಂ ಆಕ್ಸೈಡ್ ಇರಬಹುದು, ಅಂದರೆ 14,100 ಟನ್ ಲೋಹ ಎಂಬುದು ಅವರ ಲೆಕ್ಕ. ಅದನ್ನು ಅವರು ಅಂದಾಜು ಎಂದೇ ಕರೆದರು. ಚಿಲಿಯ 86 ಲಕ್ಷ ಟನ್, ಆಸ್ಟ್ರೇಲಿಯಾದ 28 ಲಕ್ಷ ಟನ್‌ಗಳ ಜತೆ ಹೋಲಿಸಿದರೆ ಇದು ಚಿಕ್ಕದು ಎಂಬ ಮಾತೂ ಅದೇ ವರದಿಯಲ್ಲಿತ್ತು. ಶೀರ್ಷಿಕೆ ಬರೆದವರಿಗೆ ಆ ಮಾತು ಬೇಕಿರಲಿಲ್ಲ. ಹಾಗಾಗಿ ದೂರಬೇಕಾದದ್ದು ಅಂದಾಜು ಮಾಡಿದವರನ್ನಲ್ಲ, ಅಂದಾಜನ್ನು ಆಸ್ತಿಪತ್ರ ಮಾಡಿದವರನ್ನು.

1,600 ಟನ್ ಕೂಡ ಆಸ್ತಿಪತ್ರವಲ್ಲ. ಅದರ ಜತೆ ಸಂಸತ್ತಿನ ಉತ್ತರದಲ್ಲೇ ‘ಇನ್‌ಫರ್ಡ್’ ಎಂಬ ಪದವಿದೆ, 2024ರ ಉತ್ತರದಲ್ಲಿ ‘ಜಿ3’ ಎಂಬ ಗುರುತಿದೆ. ಖನಿಜ ಶೋಧಕ್ಕೆ ನಾಲ್ಕು ಮೆಟ್ಟಿಲು. ಜಿ4 ಎಂದರೆ ಕಣ್ಣೋಟದ ಸಮೀಕ್ಷೆ. ಜಿ3 ಪ್ರಾಥಮಿಕ ಶೋಧ. ಜಿ2 ಸಾಮಾನ್ಯ ಶೋಧ. ಜಿ1 ವಿವರವಾದ ಶೋಧ. ಜಿ3ರಲ್ಲಿ ಕೆಲವು ಗುಂಡಿ ತೋಡಿ, ದೂರ ದೂರಕ್ಕೆ ಕೆಲವು ಕೊರೆತ ಮಾಡಿ, ನಡುವಿನದನ್ನು ಊಹಿಸುತ್ತಾರೆ. ‘ಇನ್‌ಫರ್ಡ್’ ಎಂದರೆ ಇದೇ: ಊಹಿಸಿದ್ದು. ಬಾವಿ ತೋಡಿಸುವ ರೈತನಿಗೆ ಇದನ್ನು ವಿವರಿಸಬೇಕಿಲ್ಲ. ತೆಂಗಿನಕಾಯಿ ಎದ್ದು ನಿಂತ ಜಾಗಕ್ಕೂ ಪಂಪಿನಲ್ಲಿ ನೀರು ಬಂದ ಜಾಗಕ್ಕೂ ವ್ಯತ್ಯಾಸ ಎಷ್ಟೆಂದು ಬೋರ್‌ವೆಲ್ ಸಾಲ ತೀರಿಸಿದವನಿಗೆ ಚೆನ್ನಾಗಿ ಗೊತ್ತು. ಪೆಗ್ಮಟೈಟ್ ಅಂತೂ ಇನ್ನೂ ಮೋಸದ ಕಲ್ಲು. ಅದು ಸಮನಾದ ಪದರವಾಗಿ ಹರಡುವುದಿಲ್ಲ. ಉಬ್ಬುತ್ತದೆ, ತೆಳುವಾಗುತ್ತದೆ, ತಟ್ಟನೆ ಮುಗಿಯುತ್ತದೆ. ಒಂದೇ ಪೆಗ್ಮಟೈಟ್‌ನ ಒಂದು ತುದಿಯಲ್ಲಿ ಸ್ಪಾಡ್ಯುಮೀನ್ ತುಂಬಿದ್ದು ಇನ್ನೊಂದು ತುದಿಯಲ್ಲಿ ಬರೀ ಬೆಣಚು ಇರಬಹುದು.

ಸಂಪನ್ಮೂಲಕ್ಕೂ ಮೀಸಲು ನಿಕ್ಷೇಪಕ್ಕೂ ಇನ್ನೊಂದು ಕಂದಕವಿದೆ. ನೆಲದಲ್ಲಿ ಇರುವುದೆಲ್ಲ ಸಂಪನ್ಮೂಲ. ಲಾಭಕ್ಕೆ, ಕಾನೂನಿನೊಳಗೆ ತೆಗೆಯಲು ಆಗುವುದು ಮಾತ್ರ ಮೀಸಲು. ಸ್ಪಾಡ್ಯುಮೀನ್ ಅಗೆದ ಮಾತ್ರಕ್ಕೆ ಲಿಥಿಯಂ ಕೈಗೆ ಬರುವುದಿಲ್ಲ. ಕಲ್ಲನ್ನು ಪುಡಿಮಾಡಿ ಬೇರ್ಪಡಿಸಿ, ಸಾವಿರ ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಹುರಿದು, ಗಂಧಕಾಮ್ಲದಲ್ಲಿ ಬೇಯಿಸಿ, ನೀರಿನಲ್ಲಿ ತೊಳೆದು ತೆಗೆಯಬೇಕು. ಪಶ್ಚಿಮ ಆಸ್ಟ್ರೇಲಿಯಾದ ಕ್ವಿನಾನಾದಲ್ಲಿ ಈ ಕೆಲಸಕ್ಕೆಂದೇ ಕಟ್ಟಿದ ಒಂದು ಘಟಕದ ಸಾಮರ್ಥ್ಯ ವರ್ಷಕ್ಕೆ 24,000 ಟನ್ ಲಿಥಿಯಂ ಹೈಡ್ರಾಕ್ಸೈಡ್. ಅದರೊಳಗಿನ ಲೋಹವನ್ನಷ್ಟೇ ಎಣಿಸಿದರೆ ಸುಮಾರು 4,000 ಟನ್. ಮರಳಗಾಲದ ಊಹೆ ಪೂರ್ತಿ ನಿಜವಾಗಿ, ಒಂದು ಗ್ರಾಮೂ ಪೋಲಾಗದೆ ಕೈಗೆ ಬಂದರೂ, ಅಂಥ ಒಂದು ಘಟಕ ಐದು ತಿಂಗಳು ಓಡುವುದಿಲ್ಲ. ಇನ್ನೊಂದು ಲೆಕ್ಕ: ಒಂದು ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗೆ ಸುಮಾರು ಎಂಟು ಕಿಲೋ ಲಿಥಿಯಂ ಎಂದಿಟ್ಟುಕೊಂಡರೆ 1,600 ಟನ್‌ಗೆ ಎರಡು ಲಕ್ಷ ಕಾರು. ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ಕಾರು ಮಾರುವ ದೇಶದಲ್ಲಿ ಅದು ಮೂರು ವಾರದ ವ್ಯಾಪಾರವೂ ಅಲ್ಲ. ‘ಮಂಡ್ಯದಿಂದ ದೇಶದ ಸ್ವಾವಲಂಬನೆ’ ಎಂಬ ಮಾತಿನ ತೂಕ ಇಷ್ಟು.

ಖನಿಜದ ಸುದ್ದಿ ಜನರ ತಲೆ ಕೆಡಿಸುವುದು ಹೊಸದೇನಲ್ಲ. ಹೊಸದಲ್ಲದ ಕಾರಣಕ್ಕೇ ಬೇರೆ ದೇಶಗಳು ಅದಕ್ಕೆ ಲಗಾಮು ಹಾಕಿವೆ. 1969ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ವಿಂಡಾರಾದಲ್ಲಿ ನಿಕ್ಕಲ್ ಸಿಕ್ಕಿತು ಎಂಬ ಸುದ್ದಿಗೆ ಪೊಸೈಡನ್ ಎಂಬ ಕಂಪನಿಯ ಷೇರು ಒಂದು ಡಾಲರಿಗೂ ಕಡಿಮೆ ಇದ್ದದ್ದು ಕೆಲವೇ ತಿಂಗಳಲ್ಲಿ 280 ಡಾಲರಿಗೆ ಏರಿ, ಆಮೇಲೆ ಕುಸಿಯಿತು. ಅದರ ಪಾಠದಿಂದ ಹುಟ್ಟಿದ ಸಮಿತಿಯೊಂದು ಮುಂದೆ 1989ರಲ್ಲಿ ‘ಜಾರ್ಕ್’ ಸಂಹಿತೆ ತಂದಿತು. 1997ರಲ್ಲಿ ಇಂಡೊನೇಷ್ಯಾದ ಬುಸಾಂಗ್‌ನಲ್ಲಿ ಬ್ರೀ-ಎಕ್ಸ್ ಎಂಬ ಕೆನಡಾದ ಕಂಪನಿ ತೋರಿಸಿದ ಚಿನ್ನ ಮಾದರಿಗಳಿಗೆ ಬೆರೆಸಿದ್ದು ಎಂದು ಗೊತ್ತಾದ ಮೇಲೆ ಕೆನಡಾ ಕೂಡ ನಿಯಮ ಬಿಗಿಗೊಳಿಸಿತು. ಈ ನಿಯಮಗಳ ತಿರುಳು ಸರಳ. ಸಂಖ್ಯೆ ಹೇಳುವುದಾದರೆ ಅದರ ವರ್ಗ ಹೇಳಬೇಕು, ಅದಿರಿನ ಶೇಕಡಾವಾರು ಸತ್ವ ಹೇಳಬೇಕು, ಅರ್ಹ ಭೂವಿಜ್ಞಾನಿಯೊಬ್ಬರು ಹೆಸರು ಹಾಕಿ ಹೊಣೆ ಹೊರಬೇಕು. ಷೇರು ಕೊಳ್ಳುವವನಿಗೆ ಸಿಗುವ ಈ ರಕ್ಷಣೆ ನೆಲದ ಮೇಲೆ ಕುಳಿತ ರೈತನಿಗೆ ಯಾಕೆ ಸಿಗಬಾರದು? ಹುಸಿ ಆಸೆ ಹುಟ್ಟಿಸುವುದು ಕಂಪನಿಯಾದರೆ ಅಪರಾಧ, ಸರ್ಕಾರವಾದರೆ ಸಾಧನೆ ಎಂಬ ನ್ಯಾಯ ಯಾವುದು?

ಮಂಡ್ಯದ್ದು ಸಣ್ಣ ಪ್ರಕರಣ ಎನ್ನುವವರು ಜಮ್ಮುವಿನ ಕಡೆ ನೋಡಬಹುದು. 2023ರ ಫೆಬ್ರುವರಿ 9ರಂದು ರಿಯಾಸಿ ಜಿಲ್ಲೆಯ ಸಲಾಲ್–ಹೈಮಾನಾದಲ್ಲಿ 59 ಲಕ್ಷ ಟನ್ ‘ಲಿಥಿಯಂ’ ಇದೆ ಎಂದು ಗಣಿ ಸಚಿವಾಲಯ ಸಾರಿತು. ಅದೂ ಇನ್‌ಫರ್ಡ್, ಅದೂ ಜಿ3. ಅಲ್ಲದೆ ಅದು ಅದಿರಿನ ತೂಕ, ಲೋಹದ್ದಲ್ಲ. ಟನ್ ಅದಿರಿಗೆ ಒಂದು ಕಿಲೋ ಲಿಥಿಯಂ ಎಂದು ಧಾರಾಳವಾಗಿ ಎಣಿಸಿದರೂ ಉಳಿಯುವುದು 5,900 ಟನ್. ‘ಜಗತ್ತಿನಲ್ಲೇ ದೊಡ್ಡ ನಿಕ್ಷೇಪಗಳಲ್ಲೊಂದು’ ಎಂಬ ಸಂಭ್ರಮ ಮುಗಿಯುವ ಮೊದಲೇ ಆ ಬ್ಲಾಕ್ ಹರಾಜಿಗೆ ಬಂತು. ಸಾಕಷ್ಟು ಬಿಡ್‌ದಾರರಿಲ್ಲದೆ 2024ರ ಮಾರ್ಚಿನಲ್ಲಿ ಹರಾಜು ರದ್ದಾಯಿತು. ಎರಡನೆಯ ಪ್ರಯತ್ನವೂ ನಿಷ್ಫಲವಾಯಿತು. ಶೀರ್ಷಿಕೆಗೆ ಜನ ಮರುಳಾಗುತ್ತಾರೆ, ಹಣ ಹೂಡುವವರು ಮರುಳಾಗುವುದಿಲ್ಲ. ಅವರು ಕೇಳುವುದು ಕೊರೆತದ ದಾಖಲೆ, ಸತ್ವದ ಲೆಕ್ಕ, ಸಂಸ್ಕರಣೆಯ ಪರೀಕ್ಷೆ. ಜಿ3ರಲ್ಲಿ ನಿಂತ ನೆಲವನ್ನು ಜಿ1ರ ಬೆಲೆಗೆ ಮಾರಲು ಹೊರಟರೆ ಸಂತೆ ಖಾಲಿ ಇರುತ್ತದೆ.

ಇದಕ್ಕೆ ಎದುರುವಾದಗಳಿವೆ, ಅವು ತಳ್ಳಿಹಾಕುವಂಥವಲ್ಲ. ಭಾರತ ಲಿಥಿಯಂಗೆ ಪೂರ್ತಿ ಹೊರದೇಶಗಳನ್ನು ನೆಚ್ಚಿದೆ, ಸಣ್ಣ ನಿಕ್ಷೇಪವೂ ಬೇಕು ಎನ್ನುತ್ತಾರೆ. ನಿಜ. ಬೇಕೆಂದರೆ ಶೋಧ ಮುಗಿಸಬೇಕು. 2021ರ ಸಂಖ್ಯೆ 2024ರಲ್ಲೂ ಅದೇ ವರ್ಗದಲ್ಲಿ ಪುನರಾವರ್ತನೆಯಾಗುವುದು ತುರ್ತಿನ ಲಕ್ಷಣವಲ್ಲ. ಎಲ್ಲ ಗಣಿಯೂ ಊಹೆಯಿಂದಲೇ ಶುರುವಾಗುತ್ತದೆ, ಊಹೆ ಹೇಳಬಾರದೆಂದರೆ ಶೋಧವೇ ನಿಲ್ಲುತ್ತದೆ ಎನ್ನುತ್ತಾರೆ. ಅದೂ ನಿಜ. ಊಹೆ ಹೇಳಲಿ, ಊಹೆ ಎಂದೇ ಹೇಳಲಿ. ಹತ್ತು ಗುಡ್ಡ ಹುಡುಕಿ ಒಂಬತ್ತರಲ್ಲಿ ಏನೂ ಇಲ್ಲ ಎಂದು ವರದಿ ಬರೆಯುವುದು ಭೂವಿಜ್ಞಾನಿಯ ಸೋಲಲ್ಲ, ಅದೇ ಅವರ ಕಸುಬು. ಬಿಸಿಲಲ್ಲಿ ಸುತ್ತಿಗೆ ಹಿಡಿದು ನಡೆದವರ ಎಚ್ಚರದ ವಾಕ್ಯವನ್ನು ವಿಜಯೋತ್ಸವ ಮಾಡುವುದೇ ಆ ಕಸುಬಿಗೆ ಅವಮಾನ.

ಈ ಗದ್ದಲದಲ್ಲಿ ಯಾರ ಕಿವಿಗೂ ಬೀಳದವರು ಮರಳಗಾಲ, ಅಲ್ಲಾಪಟ್ಟಣದವರು. ಗಣಿ ಬರುತ್ತದೆ ಎಂಬ ಮಾತು ಗಣಿಗಿಂತ ಮೊದಲೇ ನೆಲವನ್ನು ಬದಲಿಸುತ್ತದೆ. ಜಮೀನು ಮಾರಬೇಕೋ ಇಟ್ಟುಕೊಳ್ಳಬೇಕೋ, ಹೊಸ ಬಾವಿ ತೋಡಿಸಬೇಕೋ ಬೇಡವೋ, ಊರಲ್ಲಿ ಮನೆ ಕಟ್ಟಬೇಕೋ ಬೇಡವೋ ಎಂಬ ತೀರ್ಮಾನಗಳು ಆ ಮಾತಿನ ಮೇಲೆ ನಿಲ್ಲುತ್ತವೆ. ಅವರ ಕಾಲಡಿಯ ಕಲ್ಲಿನ ಬಗ್ಗೆ ಅವರಿಗೆ ಸಿಗುವ ಮಾಹಿತಿ ದೆಹಲಿಯಲ್ಲಿ ಇಂಗ್ಲಿಷಿನಲ್ಲಿ ಕೊಟ್ಟ ಉತ್ತರದ ಒಂದು ಸಾಲು ಮತ್ತು ಅದರ ಮೇಲೆ ಕಟ್ಟಿದ ಟಿವಿ ಕೂಗು. ಮೈಸೂರು ಸಂಸ್ಥಾನ 1894ರಲ್ಲೇ ತನ್ನದೇ ಭೂವಿಜ್ಞಾನ ಇಲಾಖೆ ಕಟ್ಟಿಕೊಂಡಿತ್ತು. ಅಂಥ ಪರಂಪರೆಯ ರಾಜ್ಯ ಇವತ್ತು ತನ್ನ ಹಳ್ಳಿಯೊಂದಕ್ಕೆ ನಾಲ್ಕು ಪುಟದ ಕನ್ನಡ ವರದಿ ಕೊಡಲಾರದು ಎಂದರೆ ನಾಚಿಕೆಯ ಮಾತು.

ಆಗಬೇಕಾದದ್ದು ದೊಡ್ಡದೇನಲ್ಲ. ಎಷ್ಟು ಕಡೆ, ಎಷ್ಟು ಮೀಟರ್ ಕೊರೆದರು, ಪ್ರತಿ ಕೊರೆತದಲ್ಲಿ ಎಷ್ಟು ಸತ್ವ ಸಿಕ್ಕಿತು ಎಂಬುದು ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲಿರಬೇಕು. ‘ಟನ್’ ಎಂದಾಗಲೆಲ್ಲ ಅದಿರೋ ಆಕ್ಸೈಡೋ ಲೋಹವೋ ಎಂದು ಹೇಳಬೇಕು. ‘ಊಹಿಸಿದ್ದು’ ಎಂಬ ಪದ ಸಂಖ್ಯೆಯಷ್ಟೇ ದಪ್ಪ ಅಕ್ಷರದಲ್ಲಿರಬೇಕು. ಲೆಕ್ಕ ಇಳಿದಾಗಲೂ, ಏರಿದಾಗಿನಷ್ಟೇ ಜೋರಾಗಿ ಸಾರಬೇಕು. ಜಿ2 ಮುಗಿಯದೆ ಯಾವ ಮಂತ್ರಿಯೂ ಅಭಿನಂದನೆ ಸ್ವೀಕರಿಸಬಾರದು.

ಇದಾವುದೂ ಆಗದಿದ್ದರೆ ಮಂಡ್ಯದಲ್ಲಿ ಲಿಥಿಯಂ ನಾಲ್ಕನೆಯ ಸಲವೂ ಪತ್ತೆಯಾಗುತ್ತದೆ. ಕಲ್ಲು ಅಲ್ಲೇ ಇರುತ್ತದೆ, 1,600 ಎಂಬ ಸಂಖ್ಯೆಯೂ ಅಲ್ಲೇ ಇರುತ್ತದೆ. ಸಿಕ್ಕದ್ದೇನು ಎಂದು ಮಾತ್ರ ಊರಿನವರಿಗೆ ಆಗಲೂ ಯಾರೂ ಹೇಳಿರುವುದಿಲ್ಲ.