ತಪ್ಪಾದರೆ ಹೇಳುವ ಬೋರ್ಡ್ ತಗೊಳ್ಳಿ

ಹಾಸ್ಟೆಲ್‌ನಲ್ಲಿ ಯಾರಾದರೂ “ಮನೆಗೊಂದು ನ್ಯಾಸ್ ಕಟ್ತಿದೀನಿ” ಅಂದರೆ ಸಾಕು, ರೂಮಿನಲ್ಲಿ ಕೂತವರೆಲ್ಲ ಶುರು ಹಚ್ಚಿಕೊಳ್ತಾರೆ. ಯಾವ ಪ್ರೊಸೆಸರ್? ಎಷ್ಟು ಕೋರ್? ಎಷ್ಟು ಟಿಬಿ? ಮದರ್‌ಬೋರ್ಡ್ ವಿಷಯ ಬಂದಾಗ ಮಾತ್ರ “ಹಳೇ ಗೇಮಿಂಗ್ ಪಿಸಿದು ಬಿದ್ದಿದೆಯಲ್ಲ, ಅದನ್ನೇ ಹಾಕು ಮಗಾ” ಅಂತ ಒಂದೇ ಮಾತಿಗೆ ಮುಗಿಸಿಬಿಡ್ತಾರೆ. ಎರಡು ವರ್ಷದ ಹಿಂದೆ ನಾನು ಮಾಡಿದ್ದೂ ಅದನ್ನೇ. ಈಗ ಕೇಳಿದರೆ ನಾನು ಹೇಳುವುದು ಬೇರೆ. ಮನೆಯವರ ಫೋಟೊ, ಹಾಡು, ಕಾಗದಪತ್ರ ಎಲ್ಲವನ್ನೂ ಕಾಯಬೇಕಾದ ಯಂತ್ರಕ್ಕೆ ಮೊದಲು ಆರಿಸಬೇಕಾದದ್ದು ಬೋರ್ಡ್. ಆರಿಸುವಾಗ ನೋಡಬೇಕಾದದ್ದು ಅದರ ವೇಗವನ್ನಲ್ಲ, ಒಳಗೆ ಏನಾದರೂ ಎಡವಟ್ಟಾದರೆ ಅದು ನಮಗೆ ಹೇಳುತ್ತದೋ ಇಲ್ಲವೋ ಅನ್ನುವುದನ್ನು.

ಯಾಕೆ ಅಂತ ಹೇಳ್ತೀನಿ. ನಮ್ಮದು ಸಾಗರದ ಕಡೆ. ಅಜ್ಜಿ ಹೇಳುತ್ತಿದ್ದ ಮದುವೆ ಹಾಡು, ಆರತಿ ಹಾಡುಗಳನ್ನು ಅಪ್ಪ ತೊಂಬತ್ತರ ದಶಕದಲ್ಲಿ ಟೇಪ್ ರೆಕಾರ್ಡರ್‌ನಲ್ಲಿ ಹಿಡಿದಿಟ್ಟಿದ್ದರು. ಮಳೆಗಾಲದ ತೇವಕ್ಕೆ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿಯತೊಡಗಿದಾಗ ನಾನು ಒಂದು ರಜೆಯಿಡೀ ಕೂತು ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ ಫ್ಲ್ಯಾಕ್ ಕಡತಗಳಾಗಿ ಉಳಿಸಿದೆ. ಆಮೇಲೆ ಹಳೆಯ ಬೋರ್ಡ್‌ಗೆ ಎರಡು ಡಿಸ್ಕ್ ಹಾಕಿ, ಝಡ್‌ಎಫ್‌ಎಸ್ ಮಿರರ್ ಮಾಡಿ, ಎಲ್ಲವನ್ನೂ ಅದಕ್ಕೆ ಸೇರಿಸಿದೆ. ವಾರಕ್ಕೊಮ್ಮೆ ಹೊರಗಿನ ಡಿಸ್ಕ್‌ಗೆ ಬ್ಯಾಕಪ್ ಬೇರೆ. ಮಾಡಬೇಕಾದ್ದೆಲ್ಲ ಮಾಡಿದೀನಿ ಅಂತ ಆರಾಮಾಗಿದ್ದೆ.

ಏಳು ತಿಂಗಳಾದ ಮೇಲೆ ಅತ್ತೆಗೆ ಕಳಿಸೋಣ ಅಂತ ಒಂದು ಹಾಡು ತೆಗೆದರೆ ಅದು ನಡುವೆಯೇ ನಿಂತುಹೋಯಿತು. ಫ್ಲ್ಯಾಕ್ ಕಡತದೊಳಗೆ ಮೂಲ ಧ್ವನಿಯ ಎಂಡಿ5 ಮೊತ್ತ ಬರೆದಿರುತ್ತದೆ. ಪರೀಕ್ಷೆ ಮಾಡಿದರೆ ಒಂಬತ್ತು ಹಾಡುಗಳ ಮೊತ್ತ ತಾಳೆಯಾಗಲಿಲ್ಲ. ಕೆಲವು ಫೋಟೊಗಳ ಕೆಳಗಿನ ಅರ್ಧ ಬರೀ ಬೂದು. ಬ್ಯಾಕಪ್ ಡಿಸ್ಕ್ ತೆರೆದೆ, ಅಲ್ಲೂ ಅದೇ ಕೆಟ್ಟ ಪ್ರತಿ. ಝಡ್‌ಎಫ್‌ಎಸ್ ಕೇಳಿದರೆ ದೋಷ ಏನೂ ಇಲ್ಲ ಅಂತಿತ್ತು. ಕೊನೆಗೆ ಮೆಮ್‌ಟೆಸ್ಟ್ ಹಾಕಿದೆ. ಇಪ್ಪತ್ತು ನಿಮಿಷಕ್ಕೆ ಪರದೆಯ ತುಂಬ ಕೆಂಪು ಸಾಲುಗಳು. ಎರಡು ರ‍್ಯಾಮ್‌ಗಳಲ್ಲಿ ಒಂದು ಕೆಟ್ಟಿತ್ತು.

ಆಗಿದ್ದಿಷ್ಟು. ಝಡ್‌ಎಫ್‌ಎಸ್ ಪ್ರತಿಯೊಂದು ಬ್ಲಾಕ್‌ಗೂ ಚೆಕ್‌ಸಮ್ ಲೆಕ್ಕ ಹಾಕಿ ಇಟ್ಟುಕೊಳ್ಳುತ್ತದೆ. ಡಿಸ್ಕ್ ಕೆಟ್ಟರೆ ಅದನ್ನು ಹಿಡಿಯುತ್ತದೆ, ಮಿರರ್ ಇದ್ದರೆ ಇನ್ನೊಂದು ಪ್ರತಿಯಿಂದ ಸರಿಪಡಿಸುತ್ತದೆ. ಆದರೆ ಬ್ಲಾಕ್ ಡಿಸ್ಕ್‌ಗೆ ಹೋಗುವ ಮುಂಚೆ ರ‍್ಯಾಮ್‌ನಲ್ಲೇ ಕೆಟ್ಟುಹೋದರೆ, ಆ ಕೆಟ್ಟದ್ದಕ್ಕೇ ಚೆಕ್‌ಸಮ್ ಹಾಕಿ ಜೋಪಾನವಾಗಿ ಇಡುತ್ತದೆ. ಆರು ಹಾಡುಗಳ ಕ್ಯಾಸೆಟ್ ಇನ್ನೂ ಓಡುತ್ತಿದ್ದವು, ಮತ್ತೆ ಇಳಿಸಿಕೊಂಡೆ. ಉಳಿದ ಮೂರರ ಕ್ಯಾಸೆಟ್‌ಗಳನ್ನು “ಕಂಪ್ಯೂಟರಿಗೆ ಹಾಕಾಯ್ತಲ್ಲ” ಅಂತ ನಾನೇ ಎಸೆದಿದ್ದೆ. ಅಜ್ಜಿ ತೀರಿಕೊಂಡು ಎಂಟು ವರ್ಷವಾಯಿತು.

ರ‍್ಯಾಮ್ ಕೆಡುವುದು ಯಾರ ತಪ್ಪೂ ಅಲ್ಲ. ಏಳು ತಿಂಗಳು ಅದು ಕೆಟ್ಟೇ ಇದ್ದರೂ ನನಗೆ ತಿಳಿಯದೇ ಹೋಯಿತಲ್ಲ, ಅದು ಬೋರ್ಡ್ ಆರಿಸುವಾಗ ನಾನು ಮಾಡಿದ ತಪ್ಪು.

ಸರ್ವರ್ ಬೋರ್ಡ್‌ಗಳಲ್ಲಿ ಇಸಿಸಿ ಮೆಮೊರಿ ಹಾಕುತ್ತಾರೆ. ಪ್ರತಿ 64 ಬಿಟ್ ಡೇಟಾದ ಜೊತೆ 8 ಬಿಟ್ ಪರೀಕ್ಷೆಗೆಂದೇ ಇರುತ್ತವೆ, ಒಟ್ಟು 72. ಒಂದು ಬಿಟ್ ತಿರುಗಿದರೆ ತಾನೇ ಸರಿಮಾಡುತ್ತದೆ, ಎರಡು ತಿರುಗಿದರೆ ಸರಿಮಾಡಲಾಗದಿದ್ದರೂ ತಪ್ಪಾಗಿದೆ ಎಂದು ಹೇಳುತ್ತದೆ. ಮೂರನೇ ಸೆಮಿಸ್ಟರ್‌ನಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಮರೆತ ಹ್ಯಾಮಿಂಗ್ ಕೋಡ್‌ನದೇ ವಂಶ ಇದು. ರಿಚರ್ಡ್ ಹ್ಯಾಮಿಂಗ್ ಬೆಲ್ ಲ್ಯಾಬ್ಸ್‌ನಲ್ಲಿದ್ದಾಗ, ಶನಿವಾರ ಭಾನುವಾರ ಓಡಲು ಬಿಟ್ಟ ಲೆಕ್ಕವನ್ನು ರಿಲೇ ಕಂಪ್ಯೂಟರ್ ತಪ್ಪು ಕಂಡ ಕೂಡಲೇ ಕೈಬಿಡುತ್ತಿತ್ತು. ತಪ್ಪಾಗಿದೆ ಎಂದು ಯಂತ್ರಕ್ಕೆ ಗೊತ್ತಾಗುವುದಾದರೆ ಎಲ್ಲಿ ತಪ್ಪಾಗಿದೆ ಎಂದು ಹುಡುಕಿ ಸರಿಮಾಡಲು ಯಾಕಾಗಬಾರದು ಎಂದು ತಲೆಕೆಡಿಸಿಕೊಂಡು 1950ರಲ್ಲಿ ಆ ಪ್ರಬಂಧ ಪ್ರಕಟಿಸಿದರು.

“ಅದೆಲ್ಲ ಲಕ್ಷಕ್ಕೊಂದು ಸಲ ಆಗೋದು ಬಿಡು” ಅನ್ನುವವರಿಗೆ ಗೂಗಲ್‌ನ ಲೆಕ್ಕ ಇದೆ. ಅವರ ಸರ್ವರ್‌ಗಳಲ್ಲಿ ಎರಡೂವರೆ ವರ್ಷ ಅಳೆದು 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದು ವರ್ಷದಲ್ಲಿ ಶೇಕಡಾ 8ಕ್ಕಿಂತ ಹೆಚ್ಚು ಮೆಮೊರಿ ಡಿಮ್‌ಗಳಲ್ಲಿ ದೋಷ ಕಂಡಿತ್ತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಒಮ್ಮೆ ತಪ್ಪಿದ ಡಿಮ್ ಮತ್ತೆ ತಪ್ಪುವ ಸಂಭವ ಬಹಳ ಹೆಚ್ಚು. ಅಂದರೆ ಮೊದಲ ತಪ್ಪಿನ ಸುದ್ದಿ ನಮಗೆ ಮುಟ್ಟಿದರೆ ಡಿಮ್ ಬದಲಾಯಿಸಿ ಮುಂದಿನದನ್ನು ತಪ್ಪಿಸಿಕೊಳ್ಳಬಹುದು. ಮುಟ್ಟದಿದ್ದರೆ ನನ್ನ ಹಾಗೆ ಏಳು ತಿಂಗಳು.

ಈಗ ಅಂಗಡಿಗೆ ಹೋಗೋಣ. ಎಸ್.ಪಿ. ರೋಡಿನಲ್ಲಿ ಕಂಪನಿಗಳು ಬಿಸಾಕಿದ ಸರ್ವರ್ ಸಾಮಾನು ಹುಡುಕಿದರೆ ಸಿಗುತ್ತದೆ. ಆದರೆ “ಇಸಿಸಿ ಸಪೋರ್ಟ್ ಇದೆ ಬಾಸ್” ಎಂಬ ಮಾತನ್ನು ಹಾಗೇ ನಂಬಬಾರದು. ಪ್ರೊಸೆಸರ್, ಬೋರ್ಡ್, ಡಿಮ್ ಮೂರೂ ಒಪ್ಪಿದರೆ ಮಾತ್ರ ಇಸಿಸಿ ಕೆಲಸ ಮಾಡುವುದು. ಇಂಟೆಲ್‌ನಲ್ಲಿ ಒಂಬತ್ತನೇ ತಲೆಮಾರಿನವರೆಗೆ ಕೋರ್ ಐ3ಗೆ ಇಸಿಸಿ ಬರುತ್ತಿತ್ತು, ಅದಕ್ಕಿಂತ ದುಬಾರಿಯ ಐ5, ಐ7ಗಳಿಗೆ ಇರಲಿಲ್ಲ. ಆ ಐ3ಯನ್ನೂ ಸಾಮಾನ್ಯ ಬೋರ್ಡ್‌ಗೆ ಹಾಕಿದರೆ ಪ್ರಯೋಜನವಿಲ್ಲ, ಸಿ236, ಸಿ246 ಥರದ ಸರ್ವರ್ ಚಿಪ್‌ಸೆಟ್ ಇರಬೇಕು. ಹತ್ತನೇ ತಲೆಮಾರಿನ ಐ3-10100ಗೆ ಅದನ್ನು ತೆಗೆದುಹಾಕಿದರು. ಹನ್ನೆರಡನೆಯದರಿಂದ ಡಬ್ಲ್ಯೂ680 ಚಿಪ್‌ಸೆಟ್ ಜೊತೆ ಹಲವು ಐ5, ಐ7ಗಳಿಗೂ ಬಂತು, ಆದರೆ ಆ ಬೋರ್ಡ್‌ಗಳು ನಮ್ಮ ಜೇಬಿಗೆ ಭಾರ. ರೈಜನ್‌ನಲ್ಲಿ ಬೋರ್ಡ್ ತಯಾರಿಸಿದವರು ತಂತಿ ಎಳೆದಿದ್ದರೆ ನಡೆಯುತ್ತದೆ. ಆದರೆ ಒಳಗೇ ಗ್ರಾಫಿಕ್ಸ್ ಇರುವ 5600ಜಿ ಥರದವು ‘ಪ್ರೊ’ ಮಾದರಿ ಅಲ್ಲದಿದ್ದರೆ ನಡೆಯದು.

ನಮ್ಮ ಹುಡುಗರು ಹೆಚ್ಚು ಮೋಸ ಹೋಗುವುದು ಡಿಮ್‌ನಲ್ಲಿ. ದೊಡ್ಡ ಸರ್ವರ್‌ಗಳಿಂದ ಬಿಚ್ಚಿದ ರಿಜಿಸ್ಟರ್ಡ್ ಡಿಮ್‌ಗಳು ಅಗ್ಗವಾಗಿ ಸಿಗುತ್ತವೆ. ಡಿಡಿಆರ್4ನಲ್ಲಿ ಅವು ಸಾಮಾನ್ಯ ಸ್ಲಾಟ್‌ಗೆ ಸಲೀಸಾಗಿ ಕೂರುತ್ತವೆ ಕೂಡ. ಆದರೆ ಐ3 ಅಥವಾ ಜಿಯಾನ್ ಇ3 ಬೋರ್ಡ್‌ಗಳಿಗೆ ಬೇಕಾದದ್ದು ಅನ್‌ಬಫರ್ಡ್ ಇಸಿಸಿ. ರಿಜಿಸ್ಟರ್ಡ್ ಹಾಕಿದರೆ ಯಂತ್ರ ಏಳುವುದೇ ಇಲ್ಲ. ಡಿಡಿಆರ್5 ಎಲ್ಲಕ್ಕೂ ಇಸಿಸಿ ಇದ್ದೇ ಇದೆ ಅನ್ನುವುದೂ ಪೂರ್ತಿ ನಿಜವಲ್ಲ. ಅದು ಚಿಪ್‌ನ ಒಳಗಿನ ಏರ್ಪಾಡು. ಡಿಮ್‌ನಿಂದ ಪ್ರೊಸೆಸರ್‌ಗೆ ಬರುವ ದಾರಿಯಲ್ಲಿ ಕೆಟ್ಟರೆ ಅದಕ್ಕೆ ಗೊತ್ತಾಗದು, ಒಳಗೆ ಸರಿಮಾಡಿದ್ದನ್ನು ನಮಗೆ ವರದಿಯನ್ನೂ ಮಾಡದು. ಕಟ್ಟಿದ ಮೇಲೆ ಲಿನಕ್ಸ್‌ನಲ್ಲಿ ಡಿಎಂಐಡಿಕೋಡ್ ಓಡಿಸಿ ನೋಡಿ. ಟೋಟಲ್ ವಿಡ್ತ್ 72, ಡೇಟಾ ವಿಡ್ತ್ 64 ಅಂತ ಬರಬೇಕು. ಆಮೇಲೆ ಕರ್ನಲ್ ಲಾಗ್‌ನಲ್ಲಿ ಇಡ್ಯಾಕ್ ಡ್ರೈವರ್ ಎದ್ದಿದೆಯೇ ನೋಡಿ. ಎರಡೂ ಇದ್ದರೆ ಸುದ್ದಿ ಮುಟ್ಟುವ ದಾರಿ ಇದೆ ಎಂದರ್ಥ.

ಬೋರ್ಡ್ ಮಾತಾಡುವ ಇನ್ನೊಂದು ದಾರಿ ಐಪಿಎಂಐ. ಸರ್ವರ್ ಬೋರ್ಡ್ ಮೇಲೆ ಬಿಎಂಸಿ ಎಂಬ ಪುಟ್ಟ ಕಂಪ್ಯೂಟರ್ ಬೇರೆಯೇ ಇರುತ್ತದೆ. ಮುಖ್ಯ ಯಂತ್ರ ಆಫ್ ಆಗಿದ್ದರೂ, ಪ್ಲಗ್‌ನಲ್ಲಿ ಕರೆಂಟ್ ಇದ್ದರೆ ಸಾಕು, ಅದು ಎಚ್ಚರವಾಗಿರುತ್ತದೆ. ಯಂತ್ರ ಸಾಗರದಲ್ಲಿ, ನಾನು ಬೆಂಗಳೂರಿನಲ್ಲಿ. ಮೊದಲೆಲ್ಲ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಯಂತ್ರ ಏಳದಿದ್ದರೆ ಅಮ್ಮನಿಗೆ ಫೋನ್ ಮಾಡಬೇಕಿತ್ತು. “ಎಂತದೋ ಇಂಗ್ಲಿಷಲ್ಲಿ ಬಂದು ನಿಂತಿದೆ ಮಾರಾಯ, ಓದ್ಲಾ?” ಅಂತ ಅವರು ಒಂದೊಂದೇ ಅಕ್ಷರ ಓದೋರು. ಹೊಸ ಬೋರ್ಡ್ ಕೂಡ ಕಳೆದ ಜುಲೈನಲ್ಲಿ ಹೀಗೇ ಕೈಕೊಟ್ಟಿತು. ರೂಟರ್‌ನ ವಿಪಿಎನ್ ಮೂಲಕ ಬಿಎಂಸಿಗೆ ಹೋಗಿ ನೋಡಿದರೆ ಬಯೋಸ್ ಪರದೆ ನನ್ನ ಲ್ಯಾಪ್‌ಟಾಪ್ ಮೇಲೇ ಕಾಣಿಸಿತು. ಸೆನ್ಸರ್ ಪಟ್ಟಿಯಲ್ಲಿ ಬೋರ್ಡ್‌ನ ಬ್ಯಾಟರಿ ವೋಲ್ಟೇಜ್ ಇಳಿದಿತ್ತು. ಅಪ್ಪ ವಾಚ್ ರಿಪೇರಿ ಅಂಗಡಿಯಿಂದ ಒಂದು ಸಿಆರ್2032 ತಂದು ಹಾಕಿದರು, ಬಯೋಸ್ ಸೆಟ್ಟಿಂಗ್ ನಾನು ಇಲ್ಲಿಂದಲೇ ಸರಿಮಾಡಿದೆ. ಒಂದು ಎಚ್ಚರಿಕೆ: ಬಿಎಂಸಿಯನ್ನು ಯಾವ ಕಾರಣಕ್ಕೂ ನೇರ ಇಂಟರ್ನೆಟ್‌ಗೆ ತೆರೆದಿಡಬೇಡಿ. ಅದರ ಬೀಗ ಒಡೆದವರಿಗೆ ಇಡೀ ಯಂತ್ರವೇ ಕೈಗೆ ಸಿಕ್ಕಂತೆ. ಹಳೆಯ ಬೋರ್ಡ್ ಕೊಂಡರೆ ಪಾಸ್‌ವರ್ಡ್ ಬದಲಿಸುವುದೇ ಮೊದಲ ಕೆಲಸ.

ಇನ್ನು ಕರೆಂಟ್ ಬಿಲ್. ನ್ಯಾಸ್ ಕಟ್ಟುವವರು ಮರೆಯುವ ಲೆಕ್ಕ ಇದು, ಅಪ್ಪಂದಿರು ಮರೆಯುವುದಿಲ್ಲ. “ಇದೆಂತಕ್ಕೆ ಇಪ್ಪತ್ನಾಲ್ಕು ಗಂಟೆ ಉರೀತಾ ಇರ್ಬೇಕು?” ಅಂತ ಅಪ್ಪ ಮೊದಲ ದಿನವೇ ಕೇಳಿದ್ದರು. ವರ್ಷಕ್ಕೆ 8,760 ಗಂಟೆ. ಅಂದರೆ ಬಿಡದೆ ಓಡುವ ಒಂದೊಂದು ವ್ಯಾಟ್‌ಗೂ ವರ್ಷಕ್ಕೆ 8.76 ಯೂನಿಟ್. ಎರಡು ಸಾಕೆಟ್‌ನ ಹಳೆಯ ಸರ್ವರ್ ಬೋರ್ಡ್ ಅಗ್ಗಕ್ಕೆ ಸಿಕ್ಕಿತು ಅಂತ ತಂದು, ಅದು ಸುಮ್ಮನಿರುವಾಗ 60 ವ್ಯಾಟ್ ಹೆಚ್ಚು ತಿಂದರೆ ವರ್ಷಕ್ಕೆ ಸುಮಾರು 525 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಹಿಡಿದರೂ 3,675 ರೂಪಾಯಿ. ಬೋರ್ಡ್‌ನಲ್ಲಿ ಉಳಿಸಿದ್ದು ಎರಡು ವರ್ಷದಲ್ಲಿ ಮೀಟರ್‌ಗೆ ಹೋಗುತ್ತದೆ. ಗೃಹಜ್ಯೋತಿ ಇರುವ ಮನೆಯಾದರೆ ತಿಂಗಳಿಗೆ ಹೆಚ್ಚುವ ಆ 43 ಯೂನಿಟ್ 200ರ ಗೆರೆ ದಾಟಿಸಿ ಇಡೀ ಬಿಲ್ ಕಟ್ಟಿಸಬಹುದು. ಹಾಗಾಗಿ ಸರ್ವರ್ ಬೋರ್ಡ್ ಅಂದರೆ ದೊಡ್ಡದೇ ಆಗಬೇಕಿಲ್ಲ, ಒಂದು ಸಾಕೆಟ್‌ನ ಸಣ್ಣದು ಸಾಕು.

ಸಣ್ಣದು ಅಂತ ಪ್ರೊಸೆಸರ್ ಅಂಟಿಕೊಂಡೇ ಬರುವ ಬೋರ್ಡ್‌ಗೆ ಹೋಗುವ ಮುಂಚೆ ಆಟಮ್ ಸಿ2000 ಕಥೆ ನೆನಪಿರಲಿ. ಕಡಿಮೆ ಕರೆಂಟ್, ಇಸಿಸಿ, ಐಪಿಎಂಐ ಎಲ್ಲ ಇದ್ದ ಕಾರಣ ಮನೆಯ ನ್ಯಾಸ್‌ಗೆ ಹೇಳಿ ಮಾಡಿಸಿದ ಹಾಗಿದ್ದ ಬೋರ್ಡ್‌ಗಳು ಆ ಚಿಪ್ ಮೇಲೆ ಬಂದವು. 2017ರಲ್ಲಿ ಇಂಟೆಲ್ ತಾನೇ ಒಪ್ಪಿಕೊಂಡಂತೆ ಅದರ ಒಂದು ಕ್ಲಾಕ್ ಸರ್ಕ್ಯೂಟ್ ಕಾಲಕ್ರಮೇಣ ಸವೆದು ಯಂತ್ರ ಏಳದೇ ಹೋಗಬಹುದಿತ್ತು. ಚಿಪ್ ಬೆಸುಗೆಯಾಗಿದ್ದರಿಂದ ಅದು ಸತ್ತರೆ ಬೋರ್ಡ್ ಕೂಡ ಸತ್ತಂತೆ. ಸಾಕೆಟ್ ಇದ್ದರೆ ಅಷ್ಟರಮಟ್ಟಿಗೆ ದಾರಿ ಇರುತ್ತದೆ.

ನಾನು ಕೊನೆಗೆ ತಂದದ್ದು ಸೂಪರ್‌ಮೈಕ್ರೊ ಎಕ್ಸ್11ಎಸ್‌ಎಸ್‌ಎಂ-ಎಫ್, ಸೆಕೆಂಡ್ ಹ್ಯಾಂಡ್. ಸಿ236 ಚಿಪ್‌ಸೆಟ್, ಎಂಟು ಸಾಟಾ ಪೋರ್ಟ್, ನಾಲ್ಕು ಡಿಮ್ ಸ್ಲಾಟ್, ಐಪಿಎಂಐಗೆ ಬೇರೆಯೇ ನೆಟ್‌ವರ್ಕ್ ಪೋರ್ಟ್. ಅದಕ್ಕೊಂದು ಐ3-6100, 16 ಜಿಬಿ ಅನ್‌ಬಫರ್ಡ್ ಇಸಿಸಿ. ನಾಲ್ಕು ಡಿಸ್ಕ್ ಸೇರಿ ಸುಮ್ಮನಿರುವಾಗ 45 ವ್ಯಾಟ್ ಆಸುಪಾಸು. ರೂಮ್‌ಮೇಟ್ ನೋಡಿ “ಆರ್‌ಜಿಬಿ ಲೈಟೂ ಇಲ್ವಲ್ಲೋ” ಅಂದ. ಹೌದು, ಇಲ್ಲ. ಎರಡು ಕೋರ್ ಬೇರೆ. ಮನೆಯ ನಾಲ್ಕು ಜನ ಫೋಟೊ ಇಡಲು ಅದು ಧಾರಾಳ ಸಾಕು.

ಇದರ ವಿರುದ್ಧ ಹೇಳಲು ನ್ಯಾಯವಾದ ಮಾತೂ ಇದೆ. ಝಡ್‌ಎಫ್‌ಎಸ್‌ಗೆ ಇಸಿಸಿ ಕಡ್ಡಾಯವೇನಲ್ಲ. ಉಳಿದ ಕಡತ ವ್ಯವಸ್ಥೆಗಳಿಗೆ ಅದು ಎಷ್ಟು ಬೇಕೋ ಇದಕ್ಕೂ ಅಷ್ಟೇ ಎಂದು ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಮ್ಯಾಥ್ಯೂ ಆರೆನ್ಸ್ ಅವರೇ ಹೇಳಿದ್ದಾರೆ. ಕೈಯಲ್ಲಿರುವ ದುಡ್ಡು ಒಂದಕ್ಕೆ ಮಾತ್ರ ಸಾಲುವುದಾದರೆ ನಾನೂ ಬೋರ್ಡ್ ಕೊಳ್ಳಿ ಅನ್ನುವುದಿಲ್ಲ. ಇನ್ನೊಂದು ಡಿಸ್ಕ್ ಕೊಂಡು ಬೇರೆ ಮನೆಯಲ್ಲಿ ಒಂದು ಪ್ರತಿ ಇಡಿ. ಕಳ್ಳತನ, ಸಿಡಿಲು, ನಮ್ಮದೇ ಕೈತಪ್ಪು, ಇವುಗಳಿಂದ ಕಾಯುವುದು ಅದು. ಆದರೆ ಬ್ಯಾಕಪ್ ಕೊಟ್ಟಿದ್ದನ್ನು ನಕಲು ಮಾಡುತ್ತದೆ ಅಷ್ಟೇ. ಕೊಟ್ಟಿದ್ದು ಸರಿಯಿದೆಯೋ ಇಲ್ಲವೋ ಎಂದು ಅದು ಕೇಳದು. ನನ್ನ ಬ್ಯಾಕಪ್ ಏಳು ತಿಂಗಳು ತಪ್ಪದೇ ಓಡಿತ್ತು. ಆದ್ದರಿಂದ ಡಿಸ್ಕ್ ಆದ ಮೇಲೆ ಮುಂದಿನ ದುಡ್ಡು ಹೋಗಬೇಕಾದದ್ದು ಬೋರ್ಡ್ ಮತ್ತು ಇಸಿಸಿಗೆ. ಪ್ರೊಸೆಸರ್ ಕೊನೆಗೆ.

ಕಳೆದುಹೋದ ಮೂರರಲ್ಲಿ ಎರಡು ಹಾಡು ಅತ್ತೆಗೆ ನೆನಪಿದ್ದವು. ದೀಪಾವಳಿಗೆ ಬಂದಾಗ ಹೇಳಿಸಿ ಫೋನಿನಲ್ಲೇ ರೆಕಾರ್ಡ್ ಮಾಡಿಕೊಂಡೆ, ಹೊಸ ಯಂತ್ರದಲ್ಲಿವೆ. ಮೂರನೆಯದರ ಮೊದಲ ಸಾಲು ಮಾತ್ರ ಅವರಿಗೆ ಗೊತ್ತು.

ನೀವು ಈಗಾಗಲೇ ಹಳೇ ಬೋರ್ಡ್‌ನಲ್ಲಿ ನ್ಯಾಸ್ ಕಟ್ಟಿದ್ದರೆ ಇವತ್ತು ರಾತ್ರಿಯೇ ಒಮ್ಮೆ ಮೆಮ್‌ಟೆಸ್ಟ್ ಓಡಲು ಬಿಟ್ಟು ಮಲಗಿ. ಅದನ್ನು ಹಾಕಿದ ಪೆನ್‌ಡ್ರೈವ್ ನನ್ನ ರೂಮಿನಲ್ಲಿದೆ, ತಗೊಂಡು ಹೋಗಿ. ವಾಪಸ್ ಕೊಟ್ಟರೆ ಸಾಕು.