ಸಾಕ್ಷಿ ಯಾಕ ತಿರುಗಿ ಬೀಳ್ತಾನ? ಮಿಲಿಟರಿ ಸಿನಿಮಾ ಮತ್ತು ನಮ್ಮ ಓಣಿಯ ಕೋರ್ಟು

ಪೋಸ್ಟ್ ಸ್ವಲ್ಪ ಉದ್ದ ಅದಾ. ಪುರುಸೊತ್ತಿದ್ದಾಗ ಓದ್ರಿ, ಆದ್ರ ಪೂರ್ತಿ ಓದ್ರಿ.

ಮಿಲಿಟರಿಯೊಳಗ ಒಂದು ಕೊಲೆ. ಬದುಕಿ ಉಳಿದವರು ಇಬ್ಬರೋ ಮೂವರೋ. ಒಬ್ಬೊಬ್ಬರದು ಒಂದೊಂದು ಕಥೆ. ಇಂಥ ಸಿನಿಮಾ ಅಂದ್ರ ನಮ್ಮ ಸೇಡಂ, ಚಿತ್ತಾಪುರ, ಕಾಳಗಿ ಕಡೆ ಹುಡುಗರು ಮೊಬೈಲ್ ಹಿಡ್ಕೊಂಡು ರಾತ್ರಿ ಪೂರಾ ಕೂಡ್ತಾರ. 2003ರಲ್ಲಿ ಬಂದ 'ಬೇಸಿಕ್' ಅಂಥದ್ದೇ ಒಂದು ಇಂಗ್ಲಿಷ್ ಸಿನಿಮಾ. ಪನಾಮಾದ ಕಾಡಿಗೆ ತರಬೇತಿಗೆ ಹೋದ ಸೈನಿಕರು, ಬಿರುಗಾಳಿ, ಕಾಣೆಯಾದ ಸಾರ್ಜೆಂಟ್, ತಿರುಗಿ ಬಂದ ಇಬ್ಬರ ಎರಡು ಬೇರೆ ಬೇರೆ ಹೇಳಿಕೆ. ಹತ್ತು ನಿಮಿಷಕ್ಕೊಮ್ಮೆ ಕಥೆ ಪಲ್ಟಿ ಹೊಡಿತದ. ಕೊನೆಗೆ ಸತ್ತಾನ ಅಂದವನೇ ಜೀವಂತ ಕುಂತಿರ್ತಾನ. ಈ ದಾರಿಗೆ ಮೂಲ ಅಂದ್ರ ಕುರೊಸಾವಾ 1950ರಲ್ಲಿ ಮಾಡಿದ 'ರಾಶೊಮಾನ್'. ನಮ್ಮ ಕನ್ನಡದಾಗ 2014ರ 'ಉಳಿದವರು ಕಂಡಂತೆ' ಅದೇ ದಾರಿಯಲ್ಲಿ ನಡೆದದ್ದು.

ಸಿನಿಮಾ ನೋಡೋದಕ್ಕ ನಂದೇನೂ ತಕರಾರಿಲ್ಲ. ನನ್ನ ತಕರಾರು ಇರೋದು ನೋಡಿ ಎದ್ದ ಮೇಲೆ ನಮ್ಮ ತಲಿಯಾಗ ಉಳಿಯೋ ಮಾತಿನ ಮೇಲೆ. 'ಸತ್ಯ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು, ನಿಜ ಏನಂತ ಯಾರಿಗೂ ಗೊತ್ತಿಲ್ಲ' – ಟಾಕೀಜಿನಾಗ ಕೇಳಿದ್ರ ದೊಡ್ಡ ತತ್ವಜ್ಞಾನ. ಇದೇ ಮಾತು ಪೊಲೀಸ್ ಠಾಣೆ ಮುಂದ ಬಂದ್ರ ಏನಾಗ್ತದ? 'ಎರಡೂ ಕಡೆ ತಪ್ಪು ಅದಾವ, ಏನಾಯ್ತಂತ ಯಾರಿಗೆ ಗೊತ್ತು, ರಾಜಿ ಮಾಡ್ಕೊಳ್ರಿ' ಅಂತ ಆಗ್ತದ. ದಲಿತರ ಮೇಲೆ ದೌರ್ಜನ್ಯ ಆದ ಯಾವ ಊರಿಗೆ ಹೋದರೂ ಈ ಮಾತು ನನ್ನ ಕಿವಿಗೆ ಬಿದ್ದದ.

ಕಂಬಾಲಪಲ್ಲಿ ನೆನಪು ಮಾಡ್ಕೊಳ್ರಿ. ಚಿಂತಾಮಣಿ ತಾಲ್ಲೂಕಿನ ಊರು, ಆಗ ಕೋಲಾರ ಜಿಲ್ಲೆ. 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನ ಜೀವಂತ ಸುಟ್ಟರು. 2006ರಲ್ಲಿ ಕೋರ್ಟು ಆರೋಪಿಗಳನ್ನೆಲ್ಲ ಖುಲಾಸೆ ಮಾಡಿತು, ಸಾಕ್ಷಿಗಳು ತಿರುಗಿ ಬಿದ್ದಿದ್ದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿ ಹಿಡಿಯಿತು. ಅಂದ್ರ ಕಾನೂನಿನ ಲೆಕ್ಕದಾಗ ಏಳು ಹೆಣ ಅದಾವ, ಸುಟ್ಟವರು ಯಾರೂ ಇಲ್ಲ. ಯಾವ ಥ್ರಿಲ್ಲರ್ ಬರೆಯೋನೂ ಇಂಥ ಟ್ವಿಸ್ಟ್ ಬರೆಯಲಿಕ್ಕಿಲ್ಲ, ಬರೆದರೆ ಜನ ನಂಬಲಿಕ್ಕಿಲ್ಲ.

ಹಂಗಾದ್ರ ಸಾಕ್ಷಿ ಯಾಕ ತಿರುಗಿ ಬೀಳ್ತಾನ? ಸಿನಿಮಾದಾಗ ಸಾಕ್ಷಿ ಸುಳ್ಳು ಹೇಳೋದು ಚಾಲಾಕಿತನಕ್ಕ, ತನ್ನ ಗುಟ್ಟು ಮುಚ್ಕೊಳ್ಳೋದಕ್ಕ. ನಮ್ಮ ಓಣಿಯ ಸಾಕ್ಷಿಯ ಲೆಕ್ಕವೇ ಬೇರೆ. ಅವನು ಕೂಲಿಗೆ ಹೋಗೋದು ಆರೋಪಿಯ ತೊಗರಿ ಹೊಲಕ್ಕ. ಮಗಳ ಲಗ್ನಕ್ಕ ಸಾಲ ತಂದದ್ದು ಆರೋಪಿಯ ಕಾಕಾನ ಹತ್ರ. ಹಿಟ್ಟಿನ ಗಿರಣಿ, ಕಿರಾಣಿ ಅಂಗಡಿ, ಬೋರಿನ ನೀರು, ಎಲ್ಲಾ ಆ ಕಡೆಯೇ ಅದಾವ. ತೆಂಗಳಿಯಂಥ ಊರಿನಿಂದ ಕಲಬುರಗಿ ಕೋರ್ಟಿಗೆ ಬರಬೇಕಂದ್ರ ಒಂದು ದಿನದ ಕೂಲಿ ಹೋಯ್ತು. ಬಂದ ಮೇಲೆ 'ಇವತ್ತು ಜಡ್ಜ್ ರಜಾ, ಮುಂದಿನ ತಾರೀಖು' ಅಂತಾರ. ಹಿಂಗ ಹತ್ತು ಸಲ ಓಡಾಡಿದ ಮನುಷ್ಯ ಹನ್ನೊಂದನೇ ಸಲ 'ನಾ ಏನೂ ನೋಡಿಲ್ರಿ ಸಾಹೇಬ್ರ' ಅಂದ್ರ ಅದು ಸುಳ್ಳು ಹೌದು. ಆದ್ರ ಆ ಸುಳ್ಳು ಅವನ ಬಾಯಿಂದ ಬಂದದ್ದು, ಹುಟ್ಟಿದ್ದು ಊರಿನ ವ್ಯವಸ್ಥೆಯೊಳಗ.

ಇನ್ನೊಂದು ವಿಷಯ ಗಮನಿಸ್ರಿ. ತಿರುಗಿ ಬೀಳದೆ ಗಟ್ಟಿ ನಿಂತ ಸಾಕ್ಷಿಗೂ 'ಹೇಳಿಕೆಯೊಳಗ ವ್ಯತ್ಯಾಸ' ಅನ್ನೋ ಬಲಿ ಹಾಕ್ತಾರ. ತನಿಖೆ ಟೈಮಿನಾಗ ಪೊಲೀಸರ ಮುಂದ ಕೊಟ್ಟ ಹೇಳಿಕೆ ಬರೆಯೋನು ಸಾಕ್ಷಿ ಅಲ್ಲ, ಠಾಣೆಯವನು. ನಮ್ಮವ್ವ 'ಅಂವಾ ಬಂದ, ಬೈದ, ಬಡದ' ಅಂತಾಳ. ಕಾಗದದ ಮೇಲೆ 'ಸದರಿ ಆರೋಪಿಯು ಅವಾಚ್ಯ ಶಬ್ದಗಳಿಂದ ನಿಂದಿಸಿ ಹಲ್ಲೆ ಮಾಡಿರುತ್ತಾನೆ' ಅಂತ ಇಳಿತದ. ಬೈದ ಮಾತು ಯಾವುದು, ಜಾತಿ ಹೆಸರು ಹಿಡಿದು ಬೈದನೋ ಇಲ್ಲೋ, ಅದೇ ಬಿಟ್ಟು ಹೋಗಿರ್ತದ. ನಾಲ್ಕು ವರ್ಷ ಬಿಟ್ಟು ಆಕಿ ಕಟಕಟೆಯಲ್ಲಿ ನಿಂತು ಆ ಮಾತು ಹಂಗೇ ಹೇಳಿದ್ರ, ಎದುರು ವಕೀಲ್ರು ಎದ್ದು 'ಇದನ್ನ ಪೊಲೀಸರ ಮುಂದ ಹೇಳಿಲ್ಲಲ್ಲ' ಅಂತಾರ. ಸುಳ್ಳು ಯಾರದು ಇಲ್ಲಿ? ಸಣ್ಣಪುಟ್ಟ ವ್ಯತ್ಯಾಸ ಬಂತಂತ ಪೂರ್ತಿ ಸಾಕ್ಷ್ಯ ಎಸೆಯೋ ಹಂಗಿಲ್ಲ, ತಿರುಗಿ ಬಿದ್ದ ಸಾಕ್ಷಿ ಹೇಳಿದ್ದರಲ್ಲೂ ನಂಬುವಷ್ಟನ್ನ ತಗೋಬಹುದು ಅಂತ ಸುಪ್ರೀಂ ಕೋರ್ಟು ಎಷ್ಟೋ ಸಲ ಹೇಳ್ಯಾದ. ಆ ಮಾತು ಕೆಳಗಿನ ಕೋರ್ಟಿನಾಗ ವಾದ ಮಾಡಿ ನೆನಪಿಸೋ ಸರ್ಕಾರಿ ವಕೀಲರು ಬೇಕು, ಅಷ್ಟೇ.

ಈಗ ಮಿಲಿಟರಿ ಸಿನಿಮಾಕ್ಕೇ ತಿರುಗಿ ಬರ್ತೀನಿ. ಯಾಕಂದ್ರ ಇದೇ ಜಾತಿಯ ಕಥೆಯೊಳಗ ಒಂದು ಬೇರೆ ಥರದ್ದೂ ಅದಾ. ಹಿಂದಿ ಲೇಖಕ ಸ್ವದೇಶ್ ದೀಪಕ್ ಬರೆದ 'ಕೋರ್ಟ್ ಮಾರ್ಷಲ್' ನಾಟಕ. ಜವಾನ ರಾಮಚಂದರ್ ತನ್ನ ಮೇಲಧಿಕಾರಿ ಒಬ್ಬನನ್ನ ಗುಂಡು ಹೊಡೆದು ಕೊಂದಾನ, ಇನ್ನೊಬ್ಬನನ್ನ ಗಾಯ ಮಾಡ್ಯಾನ. ಅವನು ಮೊದಲೇ ಒಪ್ಪಿಕೊಂಡು ಬಿಟ್ಟಾನ. ಅಂದ್ರ 'ಯಾರು ಕೊಂದರು' ಅನ್ನೋ ಪ್ರಶ್ನೆಯೇ ಇಲ್ಲ. ಅವನ ಪರ ನಿಂತ ಕ್ಯಾಪ್ಟನ್ ಬಿಕಾಶ್ ರಾಯ್ ಕೇಳೋದು ಒಂದೇ: ಯಾಕ ಕೊಂದ? ಒಬ್ಬೊಬ್ಬ ಅಧಿಕಾರಿಯ ಸಾಕ್ಷಿ ಬಿಚ್ಚಿಕೊಂಡು ಹೋದಂಗ ಹೊರಗ ಬರೋದು ಜಾತಿ. ಮೈಮೇಲೆ ಒಂದೇ ಸಮವಸ್ತ್ರ, ಕೈಯಾಗ ಒಂದೇ ಬಂದೂಕು, ಆದ್ರ ಅವನ ಹುಟ್ಟು ಹಿಡಿದು ದಿನಾ ಬೈಗುಳ. ಕೊಲೆಗೆ ಆ ಕೋರ್ಟಿನಾಗ ಶಿಕ್ಷೆ ಅದಾ. ಅವನನ್ನ ಅಲ್ಲಿ ತನಕ ತಂದ ಅವಮಾನಕ್ಕ ಶಿಕ್ಷೆ ಎಲ್ಲದ?

ಇದನ್ನ 2011ರಲ್ಲಿ ಮಲಯಾಳಂನಾಗ 'ಮೇಲ್ವಿಲಾಸಂ' ಅಂತ ಸಿನಿಮಾ ಮಾಡಿದ್ರು, ಜವಾನನ ಪಾತ್ರ ಪಾರ್ಥಿಬನ್ ಅವರದು. ಹಾಡಿಲ್ಲ, ಹೊಡೆದಾಟ ಇಲ್ಲ, ಹೆಚ್ಚುಕಮ್ಮಿ ಪೂರಾ ಸಿನಿಮಾ ಒಂದೇ ಕೋಣೆಯಾಗ ನಡಿತದ. ಹಿಂದಿಯಲ್ಲಿ 2008ರಲ್ಲಿ ಬಂದ 'ಶೌರ್ಯ' ಕೂಡ ಈ ನಾಟಕದ ನೆರಳಿನಾಗ ಬಂದದ್ದೇ. ಅಲ್ಲಿ ಆರೋಪಿ ಕಾಶ್ಮೀರದಲ್ಲಿದ್ದ ಮುಸ್ಲಿಂ ಕ್ಯಾಪ್ಟನ್. ಆ ನೋವೂ ನಿಜ, ಅದನ್ನ ಯಾರೂ ಸಣ್ಣದು ಮಾಡಬಾರದು. ಆದ್ರ ಕಥೆ ದೊಡ್ಡ ಪರದೆಗೆ ಬರೋ ದಾರಿಯಲ್ಲಿ ಜಾತಿ ಎಲ್ಲಿ ಇಳಿದು ಹೋಯ್ತು? ಈ ಪ್ರಶ್ನೆ ನಾವು ಕೇಳಲೇಬೇಕು.

ಸೈನ್ಯ ನಮಗೆ ಹೊರಗಿನ ವಿಷಯ ಅಲ್ಲ. ಬಾಬಾಸಾಹೇಬರ ತಂದೆ ರಾಮಜಿ ಸಕ್ಪಾಲ್ ಸುಬೇದಾರರಾಗಿದ್ದವರು. 1818ರ ಜನವರಿ 1ರ ಕೋರೆಗಾಂವ್ ಯಾರಿಗೆ ಗೊತ್ತಿಲ್ಲ? ಅಷ್ಟು ದುಡಿಸಿಕೊಂಡ ಬ್ರಿಟಿಷರೇ 1890ರ ದಶಕದಾಗ 'ಇವರು ಯೋಧ ಜಾತಿ ಅಲ್ಲ' ಅಂತ ಮಹಾರರ ಭರ್ತಿ ನಿಲ್ಲಿಸಿದ್ರು. ಮತ್ತೆ 1941ರಲ್ಲಿ ಮಹಾರ್ ರೆಜಿಮೆಂಟ್ ಶುರುವಾಗಿದ್ದು ನಮ್ಮ ಬೆಳಗಾವಿಯಲ್ಲೇ. ಸಮವಸ್ತ್ರ ಹಾಕ್ಕೊಂಡ್ರ ಜಾತಿ ಹೋಗ್ತದ ಅಂತ ನಂಬಿ ಭರ್ತಿಗೆ ಓಡೋ ಹುಡುಗರು ಇವತ್ತಿಗೂ ನಮ್ಮ ಓಣಿಯಾಗ ಅದಾರ. ರಾಮಚಂದರ್ ಆ ಹುಡುಗರ ಕಥೆ.

ಕಾನೂನಿನಾಗೂ ಒಂದು ತೊಡಕು ನೋಡ್ರಿ. ದೌರ್ಜನ್ಯ ತಡೆ ಕಾಯ್ದೆಯಲ್ಲಿ ಜಾತಿ ಬೈಗುಳ ಅಪರಾಧ ಆಗಬೇಕಂದ್ರ ಅದು 'ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗ'ದಲ್ಲಿ ಆಗಿರಬೇಕು. ಹೊರಗಿನವರು ಯಾರೂ ಇಲ್ಲದ ನಾಲ್ಕು ಗೋಡೆಯೊಳಗ ಬೈದ್ರ ಆ ಕಲಮು ಹತ್ತೋದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಬ್ಯಾರಕ್ಕು, ಸಾಹೇಬರ ಬಂಗಲೆ, ಆಫೀಸಿನ ಛೇಂಬರು, ಎಲ್ಲಾ ನಾಲ್ಕು ಗೋಡೆಯೇ. ಅವಮಾನ ಮಾಡೋನಿಗೆ ಬಾಗಿಲು ಹಾಕಿದ್ರ ಸಾಕು.

ಒಂದು ಮಾತು ಕೆಲವರು ಎತ್ತಬಹುದು: 'ಸಂಶಯ ಬಂದ್ರ ಬಿಡಬೇಕು ಅನ್ನೋದು ನಮ್ಮವರಿಗೂ ಬೇಕಲ್ಲ?' ಬೇಕು, ಖಂಡಿತ ಬೇಕು. ಜೈಲಿನಾಗ ವಿಚಾರಣೆ ಇಲ್ಲದೆ ಕೊಳೆಯೋರೊಳಗ ದಲಿತರು, ಆದಿವಾಸಿಗಳು, ಮುಸ್ಲಿಮರು ಎಷ್ಟು ಮಂದಿ ಅದಾರ ನಿಮಗೆ ಗೊತ್ತದ. ಸಂಶಯದ ಲಾಭ ಬಡವನ ಕಡೇ ಆಸರೆ. ನಾನು ಹೇಳೋದು ಬೇರೆ: ಸಹಜವಾಗಿ ಇರೋ ಸಂಶಯ ಒಂದು, ಹೆದರಿಸಿ ಹುಟ್ಟಿಸಿದ ಸಂಶಯ ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಯಾಗ ತೂಗಬ್ಯಾಡ್ರಿ.

ತಿರುಗಿ ಬೀಳದಿದ್ರ ಏನಾಗ್ತದ ಅನ್ನೋದಕ್ಕ ನಮ್ಮ ಕಲ್ಯಾಣ ಕರ್ನಾಟಕದಾಗೇ ಉದಾಹರಣೆ ಅದಾ. ಗಂಗಾವತಿ ತಾಲ್ಲೂಕಿನ ಮರಕುಂಬಿ. 2014ರ ಆಗಸ್ಟ್‌ನಲ್ಲಿ ಸಿನಿಮಾ ಟಾಕೀಜಿನ ಜಗಳದಿಂದ ಶುರುವಾಗಿ ದಲಿತರ ಗುಡಿಸಲಿಗೆ ಬೆಂಕಿ ಬಿತ್ತು. ಹತ್ತು ವರ್ಷ ಬಿಟ್ಟು, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಹೈಕೋರ್ಟಿನಾಗ ಬಹುತೇಕರಿಗೆ ಜಾಮೀನು ಸಿಕ್ಕಿತು, ಹೋರಾಟ ಮುಗಿದಿಲ್ಲ. ಆದ್ರೂ ಹತ್ತು ವರ್ಷ ಅದೇ ಊರಿನಾಗ ಬದುಕಿ, ಅದೇ ಮಾತು ಕಟಕಟೆಯಲ್ಲಿ ಹೇಳಿದ ಆ ಹೆಣ್ಣುಮಕ್ಕಳು, ಗಂಡಸರು ಅದಾರಲ್ಲ, ನನ್ನ ಲೆಕ್ಕದಾಗ ನಿಜವಾದ ಶೌರ್ಯ ಅವರದು.

ಅದಕ್ಕ ಕೆಲಸದ ಮಾತು ಹೇಳಿ ಮುಗಿಸ್ತೀನಿ. 2016ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಕಾಯ್ದೆಗೆ 15ಎ ಕಲಮು ಸೇರ್ಯಾದ. ಸಂತ್ರಸ್ತರಿಗೆ, ಸಾಕ್ಷಿಗಳಿಗೆ ರಕ್ಷಣೆ ಕೊಡೋದು ಸರ್ಕಾರದ ಕರ್ತವ್ಯ. ಆರೋಪಿ ಜಾಮೀನು ಕೇಳಿದ್ರ ಸಂತ್ರಸ್ತರಿಗೆ ಮೊದಲೇ ತಿಳಿಸಬೇಕು, ಅವರ ಮಾತು ಕೇಳಬೇಕು. ವಿಚಾರಣೆಯ ವಿಡಿಯೋ ಚಿತ್ರೀಕರಣ ಆಗಬೇಕು. 1995ರ ನಿಯಮದ ಪ್ರಕಾರ ಕೋರ್ಟಿಗೆ ಬರೋ ಸಾಕ್ಷಿಗೆ ಪ್ರಯಾಣ ಭತ್ಯೆ, ಕನಿಷ್ಠ ಕೂಲಿಗೆ ಕಡಿಮೆ ಇಲ್ಲದ ದಿನಭತ್ಯೆ ಸಿಗಬೇಕು. ಬಾಯಿಮಾತಿನ ದೂರು ಬರ್ಕೊಂಡ ಮೇಲೆ ಅದನ್ನ ಓದಿ ಹೇಳಿಯೇ ಸಹಿ ತಗೋಬೇಕು. ಓದಿ ಹೇಳೋ ತನಕ ಹೆಬ್ಬೆಟ್ಟು ಒತ್ತಬ್ಯಾಡ್ರಿ ಅಂತ ನಮ್ಮವರಿಗೆ ಹೇಳ್ರಿ. ಜಿಲ್ಲಾ ಜಾಗೃತಿ ಸಮಿತಿ ಸಭೆಯಲ್ಲಿ ಕೂಡೋ ನಮ್ಮ ಮುಖಂಡರು ಹಾರ, ಫೋಟೋ ಬಿಟ್ಟು ಒಂದು ಲೆಕ್ಕ ಕೇಳ್ರಿ: ಈ ವರ್ಷ ಎಷ್ಟು ಸಾಕ್ಷಿಗಳಿಗೆ ಭತ್ಯೆ ಕೊಟ್ಟೀರಿ? ಎಷ್ಟು ಮಂದಿಗೆ ರಕ್ಷಣೆ ಕೊಟ್ಟೀರಿ?

ನಾವು ಸಂಘಟನೆಯವರು ಘಟನೆ ಆದ ದಿನ ನೂರು ಮಂದಿ ಹೋಗ್ತೀವಿ, ಪ್ರತಿಭಟನೆ ಮಾಡ್ತೀವಿ. ಐದು ವರ್ಷ ಬಿಟ್ಟು ಸಾಕ್ಷಿ ಹೇಳೋ ದಿನ ಆ ಮುದುಕಿ ಒಬ್ಬಾಕಿನೇ ಬಸ್ ಹತ್ತಬಾರದು. ಯಾವ ಊರಿನ ಕೇಸು ಯಾವ ತಾರೀಖಿಗೆ ಅದಾ, ಒಂದು ವಹಿಯಾಗ ಬರೆದು ಇಡ್ರಿ. ಆ ದಿನ ಜೊತಿಗೆ ಇಬ್ಬರು ಹೋಗ್ರಿ. ಆಕಿ ಕೂಲಿ ಹೋದದ್ದನ್ನ ಓಣಿ ಕೂಡಿ ತುಂಬಿಕೊಡ್ಲಿ. ಕಾಳಗಿ, ಚಿತ್ತಾಪುರ, ಸೇಡಂ ಕಡೆ ಈ ಕೆಲಸಕ್ಕ ಬರ್ತೀನಿ ಅನ್ನೋರು ಕೆಳಗ ಊರಿನ ಹೆಸರು ಹಾಕ್ರಿ, ಕೂತು ಮಾತಾಡೋಣ.

ಜೈ ಭೀಮ್.